ಬಣ್ಣ ನೋಡಿ ತರಬೇಡಿ, ಕೂಗು ಕೇಳಿ ತನ್ನಿ: ಮನೆಗೆ ಹೊಂದುವ ಗಿಣಿ ಆರಿಸುವುದು ಹೇಗೆ?

ನಮ್ಮ ಮನೆಗೆ ಮೊದಲು ಬಂದ ಗಿಣಿ ಒಂದು ಸನ್ ಕಾನ್ಯೂರ್. ಮರಿಯಾದ್ದರಿಂದ ಇನ್ನೂ ಹಸಿರು ಹಸಿರಾಗಿತ್ತು, ಅಲ್ಲಲ್ಲಿ ಅರಿಶಿನ ಚಿಮುಕಿಸಿದ ಹಾಗೆ. ಅಂಗಡಿಯಲ್ಲಿ ನನ್ನ ತೋಳು ಹತ್ತಿ, ಕೊರಳ ಹತ್ತಿರ ಬಂದು ಕಣ್ಣು ಮುಚ್ಚಿ ಕೂತಿತು. ‘ಸೌಂಡ್ ಮಾಡುತ್ತಾ?’ ಅಂತ ಕೇಳಿದೆ. ‘ಇಲ್ಲ ಮೇಡಂ, ಬಂದು ಮೂರು ದಿನ ಆಯ್ತು, ಒಂದು ಸದ್ದಿಲ್ಲ’ ಅಂದರು. ಅವರು ಸುಳ್ಳು ಹೇಳಲಿಲ್ಲ. ಮರಿ, ಹೊಸ ಜಾಗ, ಮೇಲೆ ಭಯ. ಸದ್ದು ಎಲ್ಲಿಂದ ಬರಬೇಕು?

ಐದನೇ ತಿಂಗಳಿಗೆ ಅದಕ್ಕೆ ಬಾಯಿ ಬಂತು. ವಿಜಯನಗರದಲ್ಲಿ ಮೂರನೇ ಮಹಡಿಯ ಎರಡು ರೂಮಿನ ಮನೆ ನಮ್ಮದು. ಸಂಜೆ ಆರಕ್ಕೆ ಸರಿಯಾಗಿ ಶುರು, ಕತ್ತಲಾಗುವವರೆಗೆ ಬಿಟ್ಟು ಬಿಟ್ಟು. ಕಿವಿಯೊಳಗೆ ಸೂಜಿ ತೂರಿಸಿದ ಹಾಗಿನ ಕೂಗು. ಒಂದು ದಿನ ಕೆಳಗಿನ ಮನೆಯ ಆಂಟಿ ಬಾಗಿಲು ತಟ್ಟಿದರು. ‘ಏನಮ್ಮಾ, ನಿಮ್ಮನೇಲಿ ಯಾರಿಗಾದ್ರೂ ಹುಷಾರಿಲ್ವಾ? ಯಾರೋ ಕಿರುಚಿಕೊಂಡ ಹಾಗೆ ಕೇಳ್ತಿತ್ತು.’ ಅವರು ಜಗಳಕ್ಕೆ ಬಂದಿರಲಿಲ್ಲ, ನಿಜವಾಗಿ ಹೆದರಿ ಬಂದಿದ್ದರು. ಎಂಟನೇ ತಿಂಗಳಿಗೆ ಹಕ್ಕಿಯನ್ನು ತುಮಕೂರಿನ ಹತ್ತಿರ ತೋಟದ ಮನೆಯಿರುವ ಗೆಳತಿಗೆ ಕೊಟ್ಟೆ. ತಪ್ಪು ಹಕ್ಕಿಯದಲ್ಲ, ಕೊಂಡುಕೊಂಡವಳದು.

ಈಗ ನಮ್ಮಲ್ಲಿರುವುದು ಒಂಬತ್ತು ವರ್ಷದ ಗಂಡು ಕಾಕಟೀಲ್. ಹೆಸರು ಚಕ್ಕುಲಿ. ‘ಯಾವ ಗಿಣಿ ತರಲಿ?’ ಅಂತ ಕೇಳುವವರಿಗೆಲ್ಲ ಫೋನಿನಲ್ಲಿ ಗಿಣಿಗೆ ಹೇಳಿದ ಹಾಗೆ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಒಂದೇ ಸಲ ಬರೆದುಬಿಡುತ್ತೇನೆ.

ಹಂತ 1: ನಮ್ಮ ಊರಿನ ಹಸಿರು ಗಿಣಿ ಪಟ್ಟಿಯಲ್ಲಿ ಬೇಡ

ಅಜ್ಜಿ ಮನೆಯಲ್ಲಿ ಪಂಜರದ ಗಿಣಿರಾಮ ಇತ್ತು ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ರಸ್ತೆ ಬದಿಯಲ್ಲಿ ಗಿಣಿಶಾಸ್ತ್ರ ಹೇಳುವವರ ಹತ್ತಿರ ಈಗಲೂ ಕಾಣುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಕಾಡು ಗಿಣಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಕೊರಳಿಗೆ ಉಂಗುರವಿರುವ ಹಸಿರು ಗಿಣಿ, ಭುಜದಲ್ಲಿ ಕೆಂಪು ಮಚ್ಚೆಯಿರುವ ದೊಡ್ಡ ಅಲೆಕ್ಸಾಂಡ್ರಿನ್, ಪ್ಲಮ್ ಬಣ್ಣದ ತಲೆಯದು, ಪಶ್ಚಿಮ ಘಟ್ಟದ ನೀಲಿ ರೆಕ್ಕೆಯದು, ಎಲ್ಲವೂ ಇದರಲ್ಲಿ ಬಂದವು. ‘ಇದು ನೀಲಿ ರಿಂಗ್‌ನೆಕ್, ಫಾರಿನ್ ಹಕ್ಕಿ’ ಅಂತ ಮಾರುತ್ತಾರೆ. ರಿಂಗ್‌ನೆಕ್ ಅಂದರೆ ಅದೇ ಕೊರಳಿನ ಉಂಗುರದ ಗಿಣಿ, ಬಣ್ಣ ಬದಲಾದರೆ ಜಾತಿ ಬದಲಾಗುವುದಿಲ್ಲ. ನಾನಾದರೆ ಅದರ ತಂಟೆಗೇ ಹೋಗುವುದಿಲ್ಲ.

ವಿದೇಶಿ ಗಿಣಿಗಳಿಗೂ ಒಂದು ಲೆಕ್ಕ ಇದೆ. ಕಾಡುಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಎಲ್ಲ ಗಿಣಿಗಳೂ ಇವೆ. ಪಟ್ಟಿಯಲ್ಲಿ ಇಲ್ಲದವು ಬಡ್ಜಿ, ಕಾಕಟೀಲ್, ಪೀಚ್ ಮುಖದ ಲವ್‌ಬರ್ಡ್ ಮತ್ತು ನಮ್ಮ ಉಂಗುರದ ಗಿಣಿ, ಇಷ್ಟೇ. ಉಂಗುರದ ಗಿಣಿಗೆ ನಮ್ಮ ದೇಶದ ಕಾಯ್ದೆ ಅಡ್ಡ ಬರುತ್ತದೆ ಅಂತ ಆಗಲೇ ಹೇಳಿದೆ. ಕಾನ್ಯೂರ್, ಕ್ವೇಕರ್, ಸೆನೆಗಲ್ ಇಂಥವನ್ನು ಸಾಕಿದರೆ 2024ರ ಫೆಬ್ರವರಿಯಲ್ಲಿ ಬಂದ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಹಕ್ಕಿ ಕೈಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು. ಮಾರುವವರು ‘ಅದೆಲ್ಲ ಯಾರೂ ಕೇಳಲ್ಲ ಬಿಡಿ’ ಅಂದರೆ ಬೇರೆ ಕಡೆ ನೋಡಿ.

ಹಂತ 2: ಹಕ್ಕಿಗಿಂತ ಮೊದಲು ನಿಮ್ಮ ಮನೆಯನ್ನು ಕೇಳಿಸಿಕೊಳ್ಳಿ

‘ಸದ್ದು ಜಾಸ್ತಿನಾ?’ ಅನ್ನುವ ಪ್ರಶ್ನೆಯೇ ಸಾಲದು. ಒಳಗೆ ಮೂರು ಪ್ರಶ್ನೆ ಇವೆ. ಎಷ್ಟು ಜೋರು? ಎಷ್ಟು ಕೀರಲು? ಎಷ್ಟು ಹೊತ್ತು? ಬಡ್ಜಿ ಜೋರಲ್ಲ, ಆದರೆ ಬೆಳಗಿನಿಂದ ಸಂಜೆವರೆಗೆ ಚಿಲಿಪಿಲಿ ನಿಲ್ಲುವುದೇ ಇಲ್ಲ. ಸನ್ ಕಾನ್ಯೂರ್ ದಿನಕ್ಕೆ ಎರಡು ಹೊತ್ತು ಕೂಗಿದರೂ ಆ ಹೊತ್ತಿನಲ್ಲಿ ಪಕ್ಕದ ಮನೆಯ ಟೀವಿ ಕೇಳಿಸುವುದಿಲ್ಲ. ಲವ್‌ಬರ್ಡ್‌ನ ಕೂಗು ಅಷ್ಟು ದೊಡ್ಡದಲ್ಲ, ಆದರೆ ಕೀರಲು. ತಲೆನೋವು ಬರುವವರಿಗೆ ಅದೇ ಹೆಚ್ಚು ಕಷ್ಟ.

ಡೆಸಿಬಲ್ ಲೆಕ್ಕ ಹಾಕುವವರಿಗೆ ಒಂದು ಮಾತು. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್. ಅಲ್ಲಿಂದ 10 ಜಾಸ್ತಿಯಾದರೆ ಕಿವಿಗೆ ಸುಮಾರು ಎರಡು ಪಟ್ಟು ಅನಿಸುತ್ತದೆ. ಹಾಗಾಗಿ 70ಕ್ಕೂ 90ಕ್ಕೂ ನಡುವೆ ಇರುವುದು ‘ಸ್ವಲ್ಪ ಜಾಸ್ತಿ’ ಅಲ್ಲ, ಸುಮಾರು ನಾಲ್ಕು ಪಟ್ಟು. ಟೈಲ್ಸ್ ನೆಲ, ಖಾಲಿ ಗೋಡೆ, ಗಾಜಿನ ಕಿಟಕಿಯ ಹಾಲ್‌ನಲ್ಲಿ ಸದ್ದು ತಿರುಗಿ ತಿರುಗಿ ಬಡಿಯುತ್ತದೆ. ನಾನು ಅಡುಗೆಮನೆಯ ಅಳತೆ ಇಟ್ಟುಕೊಂಡಿದ್ದೇನೆ: ಒಗ್ಗರಣೆ ಚಟಪಟ, ಕುಕ್ಕರ್ ವಿಷಲ್, ಮಿಕ್ಸಿಯಲ್ಲಿ ಚಟ್ನಿ. ಬಡ್ಜಿ ಒಗ್ಗರಣೆ. ಕಾಕಟೀಲ್ ಕುಕ್ಕರ್. ಸನ್ ಕಾನ್ಯೂರ್, ಪಕ್ಕದಲ್ಲೇ ನಿಂತು ಮಿಕ್ಸಿ ಹಾಕಿ ಮುಚ್ಚಳ ತೆಗೆದ ಹಾಗೆ.

ಈಗ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ನಿಮಗೆ ಇಷ್ಟವಾದ ಜಾತಿಯ ಕೂಗನ್ನು ಯೂಟ್ಯೂಬ್‌ನಲ್ಲಿ ಹುಡುಕಿ. ಮುದ್ದಾಗಿ ಮಾತಾಡುವ ವಿಡಿಯೋ ಅಲ್ಲ, ಸಿಟ್ಟಿನಲ್ಲಿ ಕಿರುಚುವ ವಿಡಿಯೋ. ಬ್ಲೂಟೂತ್ ಸ್ಪೀಕರ್ ಅನ್ನು ಪಂಜರ ಇಡಬೇಕೆಂದಿರುವ ಜಾಗದಲ್ಲಿಟ್ಟು ವಾಲ್ಯೂಮ್ ಪೂರ್ತಿ ಏರಿಸಿ, ಬೆಳಗ್ಗೆ ಆರೂವರೆಗೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ, 20 ನಿಮಿಷ ಹಾಕಿ. ಬೆಳಗಿನ ಸಲ ಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹಕ್ಕಿ ಬರುವ ಮೊದಲೇ ಜಗಳ ಬರುತ್ತದೆ. ನೀವು ಬಾಗಿಲು ಹಾಕಿಕೊಂಡು ಮೆಟ್ಟಿಲ ಹತ್ತಿರ ನಿಲ್ಲಿ. ಒಂದು ಮಹಡಿ ಕೆಳಗಿಳಿದು ಕೇಳಿ. ಆಮೇಲೆ ಒಳಗೆ ಬಂದು ಅದೇ ಸದ್ದಿನಲ್ಲಿ ಒಂದು ಆಫೀಸ್ ಕಾಲ್ ಮಾಡಿ. ಐದು ದಿನ ಹೀಗೆ ಮಾಡಿ. ನನ್ನ ಪರಿಚಯದ ಒಬ್ಬರು ಎರಡನೇ ದಿನಕ್ಕೇ ಮೀನಿನ ತೊಟ್ಟಿ ತಂದರು.

ಹಾಗೆಯೇ ಈ ಪ್ರಶ್ನೆಗಳಿಗೆ ಉತ್ತರ ಬರೆದಿಡಿ. ಮನೆಯಲ್ಲಿ ಹಸುಗೂಸು ಇದೆಯಾ? ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಇದ್ದಾರಾ? ಪಿಯುಸಿ ಮಕ್ಕಳು? ಅಸ್ತಮಾ? ಮನೆ ಬಾಡಿಗೆಯದ್ದಾದರೆ ಮಾಲೀಕರಿಗೆ ಗೊತ್ತಾ? ದಿನಕ್ಕೆ ಎಷ್ಟು ಗಂಟೆ ಮನೆ ಖಾಲಿ?

ಹಂತ 3: ಗಿಣಿ ಕೂಗುವುದು ಯಾಕೆ ಅಂತ ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಆಯ್ಕೆಯ ಗುಟ್ಟು ಇಲ್ಲೇ ಇದೆ.

ಗಿಣಿ ಗುಂಪಿನಲ್ಲಿ ಬದುಕುವ ಹಕ್ಕಿ. ಬೆಳಗ್ಗೆ ಎದ್ದ ಕೂಡಲೇ ‘ಎಲ್ಲರೂ ಇದ್ದೀರಾ?’ ಅಂತ ಕೂಗುತ್ತದೆ. ಸಂಜೆ ಮರಕ್ಕೆ ಮರಳುವಾಗ ‘ಎಲ್ಲರೂ ಬಂದಿರಾ?’ ಅಂತ ಕೂಗುತ್ತದೆ. ಲಾಲ್‌ಬಾಗ್‌ನಲ್ಲೋ ಕಬ್ಬನ್ ಪಾರ್ಕ್‌ನಲ್ಲೋ ಸಂಜೆ ಮರದ ಕೆಳಗೆ ನಿಂತಿದ್ದರೆ ಗೊತ್ತಾಗುತ್ತದೆ, ಮಾತೇ ಕೇಳಿಸುವುದಿಲ್ಲ. ಹಗಲು ನಡುವೆ ಜೊತೆಗಾರ ಕಣ್ಮರೆಯಾದರೆ ‘ಎಲ್ಲಿದ್ದೀಯಾ?’ ಅನ್ನುವ ಕರೆ ಬೇರೆ. ಮನೆಯಲ್ಲಿ ಆ ಜೊತೆಗಾರ ನೀವೇ. ನೀವು ಸ್ನಾನಕ್ಕೆ ಹೋದರೂ ಹಕ್ಕಿಯ ಪಾಲಿಗೆ ಕಾಡಿನಲ್ಲಿ ಕಳೆದುಹೋದ ಹಾಗೆ.

ಹಾಗಾಗಿ ಸದ್ದು ಬೇರೆ, ಸ್ವಭಾವ ಬೇರೆ ಅಂದುಕೊಳ್ಳಬೇಡಿ. ಯಾವ ಹಕ್ಕಿ ಮೈಗೆ ಅಂಟಿಕೊಂಡೇ ಇರಬೇಕು ಅನ್ನುತ್ತದೋ, ಅದು ನೀವು ಕಾಣದಾಗ ಜಾಸ್ತಿ ಕೂಗುತ್ತದೆ. ಯಾವುದು ತನ್ನ ಪಾಡಿಗೆ ಇರುತ್ತದೋ, ಅದು ಸುಮ್ಮನಿರುತ್ತದೆ, ಆದರೆ ಹೆಗಲ ಮೇಲೆ ಬಂದು ಕೂರುವುದಿಲ್ಲ. ‘ಮುದ್ದು ಮಾಡಬೇಕು, ಮಾತಾಡಬೇಕು, ಸದ್ದು ಮಾಡಬಾರದು’ ಅಂತ ಮೂರನ್ನೂ ಕೇಳುವವರಿಗೆ ನಾನು ಹೇಳುವುದು, ಯಾವುದಾದರೂ ಎರಡು ಆರಿಸಿಕೊಳ್ಳಿ. ಎರಡು ಸಿಕ್ಕರೂ ಪುಣ್ಯ.

ಹಂತ 4: ನಿಮ್ಮ ಉತ್ತರದ ಜೊತೆ ಜಾತಿಗಳನ್ನು ತಾಳೆ ನೋಡಿ

ಬಡ್ಜಿ. ನಮ್ಮಲ್ಲಿ ಅರ್ಧ ಜನ ಇದನ್ನೇ ‘ಲವ್ ಬರ್ಡ್ಸ್’ ಅನ್ನುತ್ತಾರೆ. ಅಲ್ಲ, ಇದು ಆಸ್ಟ್ರೇಲಿಯಾದ ಪುಟ್ಟ ಗಿಣಿ. ಉದ್ದ 18 ಸೆಂಟಿಮೀಟರ್, ತೂಕ 30ರಿಂದ 40 ಗ್ರಾಂ. ಚೆನ್ನಾಗಿ ನೋಡಿಕೊಂಡರೆ 5ರಿಂದ 10 ವರ್ಷ ಬದುಕುತ್ತದೆ. ಬೆಲೆ ಕಡಿಮೆ ಅಂತ ಜನ ಇದನ್ನು ಹಗುರವಾಗಿ ನೋಡುತ್ತಾರೆ, ನನಗೆ ಆ ಬಗ್ಗೆ ಸಿಟ್ಟಿದೆ. ಮಾತಿನಲ್ಲಿ ಗಿನ್ನೆಸ್ ದಾಖಲೆ ಮಾಡಿದ್ದು ದೊಡ್ಡ ಗಿಣಿ ಅಲ್ಲ, ಕ್ಯಾಲಿಫೋರ್ನಿಯಾದ ಪಕ್ ಎಂಬ ಬಡ್ಜಿ. 1,728 ಪದ! ಧ್ವನಿ ಮಾತ್ರ ಕೀರಲು, ವೇಗ ಜಾಸ್ತಿ, ಹತ್ತಿರ ಕೂತು ಕೇಳಬೇಕು. ದೊಡ್ಡವಾದ ಮೇಲೆ ಗಂಡಿನ ಮೂಗಿನ ಮೇಲಿನ ಮೇಣದಂಥ ಭಾಗ ನೀಲಿ, ಹೆಣ್ಣಿನದು ಕಂದು ಅಥವಾ ಬಿಳಚು. ಮಾತು ಬೇಕಾದರೆ ಗಂಡು ತನ್ನಿ. ಮುಟ್ಟಿಸಿಕೊಳ್ಳುವುದು ಎಲ್ಲಕ್ಕೂ ಇಷ್ಟವಿಲ್ಲ, ಆದರೆ ಬೆರಳ ಮೇಲೆ ಕೂತು ಹರಟುತ್ತವೆ. ಫ್ಲಾಟ್‌ನವರಿಗೆ, ಮೊದಲ ಸಲ ಸಾಕುವವರಿಗೆ ನನ್ನ ಮೊದಲ ಮತ ಇದಕ್ಕೇ.

ಕಾಕಟೀಲ್. ಅಂಗಡಿಯವರ ಬಾಯಲ್ಲಿ ‘ಕಾಕ್‌ಟೇಲ್’. ಇದೂ ಆಸ್ಟ್ರೇಲಿಯಾದ್ದೇ, ಕಾಕಟೂ ವಂಶದ ಅತಿ ಚಿಕ್ಕ ಹಕ್ಕಿ. ಬಾಲ ಸೇರಿ 30 ಸೆಂಟಿಮೀಟರ್ ದಾಟುತ್ತದೆ, ತೂಕ 80ರಿಂದ 100 ಗ್ರಾಂ, ಆಯಸ್ಸು 15ರಿಂದ 20 ವರ್ಷ. ಇದರ ದೊಡ್ಡ ಅನುಕೂಲ ಜುಟ್ಟು. ನೆಟ್ಟಗೆ ನಿಂತರೆ ಗಾಬರಿ ಅಥವಾ ಕುತೂಹಲ, ಅರ್ಧ ಬಾಗಿದ್ದರೆ ಆರಾಮ, ತಲೆಗೆ ಅಂಟಿಸಿಕೊಂಡು ಬುಸ್ ಅಂದರೆ ಕೈ ಹಿಂದೆ ತೆಗೆಯಿರಿ. ಹಕ್ಕಿಯ ಭಾಷೆ ಬಾರದವರಿಗೂ ಇದು ಅರ್ಥವಾಗುತ್ತದೆ. ಗಂಡು ಶಿಳ್ಳೆ ಹೊಡೆಯುತ್ತದೆ, ಹೆಣ್ಣು ಸಾಮಾನ್ಯವಾಗಿ ಮೌನಿ.

ಶಿಳ್ಳೆ ಅಂದಾಗ ನೆನಪಾಯಿತು. ಚಕ್ಕುಲಿ ಕುಕ್ಕರ್ ವಿಷಲ್ ಕಲಿತ ಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ. ಅಮ್ಮ ಹಾಲ್‌ನಲ್ಲಿ ಹೂ ಕಟ್ಟುತ್ತಾ ಮೂರು ಎಣಿಸಿ ಒಲೆ ಆರಿಸುತ್ತಿದ್ದರು. ಅದರಲ್ಲಿ ಎರಡು ಚಕ್ಕುಲಿಯವು. ಕೊನೆಗೆ ಪಂಜರ ಮತ್ತು ಕುಕ್ಕರ್ ಎರಡೂ ಕಾಣುವ ಜಾಗದಲ್ಲಿ ಅಮ್ಮ ಕುರ್ಚಿ ಹಾಕಿಕೊಂಡರು.

ಕಾಕಟೀಲ್‌ನ ಎರಡು ತೊಂದರೆ ಮೊದಲೇ ಹೇಳಿಬಿಡುತ್ತೇನೆ. ಒಂದು, ಮೈಯಿಂದ ಉದುರುವ ಬಿಳಿ ಪುಡಿ. ಕಪ್ಪು ಟೀವಿ ಸ್ಟ್ಯಾಂಡ್ ಮೇಲೆ ಎರಡು ದಿನಕ್ಕೆ ವಿಭೂತಿ ಬಳಿದ ಹಾಗೆ ಕೂರುತ್ತದೆ. ಮನೆಯಲ್ಲಿ ಅಸ್ತಮಾ ಇದ್ದರೆ ಬೇಡವೇ ಬೇಡ. ಎರಡು, ಕತ್ತಲಲ್ಲಿ ಬೆಚ್ಚಿ ಪಂಜರದೊಳಗೆ ಬಡಿದುಕೊಳ್ಳುವ ಅಭ್ಯಾಸ. ಕರೆಂಟ್ ಹೋದಾಗ, ದೀಪಾವಳಿಯ ಪಟಾಕಿಗೆ ಹೀಗಾಗುತ್ತದೆ. ಸಣ್ಣ ರಾತ್ರಿ ದೀಪ ಇಟ್ಟರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಲವ್‌ಬರ್ಡ್, ಅಂದರೆ ನಿಜವಾದದ್ದು. ಆಫ್ರಿಕಾ ಕಡೆಯದು, ಒಂಬತ್ತು ಜಾತಿ ಇವೆ. ಇಲ್ಲಿ ಸಿಗುವುದು ಹೆಚ್ಚಾಗಿ ಪೀಚ್ ಮುಖದ್ದು ಮತ್ತು ಫಿಷರ್ಸ್. ಅಂಗೈಯಷ್ಟು ಹಕ್ಕಿ, ಬೆಟ್ಟದಷ್ಟು ಜಂಬ. ತನಗಿಂತ ಮೂರು ಪಟ್ಟು ದೊಡ್ಡ ಹಕ್ಕಿಯ ಕಾಲು ಕಚ್ಚಲೂ ಹಿಂದೆ ಮುಂದೆ ನೋಡುವುದಿಲ್ಲ, ಆದ್ದರಿಂದ ಬಡ್ಜಿ ಜೊತೆ ಒಂದೇ ಪಂಜರದಲ್ಲಿ ಹಾಕಬೇಡಿ. ಹೆಣ್ಣಿಗೆ ತನ್ನ ಜಾಗದ ಮೇಲೆ ವಿಪರೀತ ಹಕ್ಕು. ಪೀಚ್ ಮುಖದ ಹೆಣ್ಣಿಗೆ ಹಾಳೆ ಕೊಟ್ಟು ನೋಡಿ: ಕತ್ತರಿ ಹಾಕಿದ ಹಾಗೆ ನೀಟಾಗಿ ಉದ್ದುದ್ದ ಸೀಳಿ, ಬಾಲದ ಬುಡದ ಗರಿಗಳಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತದೆ. ಗೂಡು ಕಟ್ಟುವ ಬುದ್ಧಿ ಅದು. ಜೋಡಿಯೇ ಇರಬೇಕು, ಒಂಟಿಯಾದರೆ ಸಾಯುತ್ತದೆ ಅನ್ನುವುದು ಕಟ್ಟುಕತೆ. ಆದರೆ ಒಂಟಿ ಲವ್‌ಬರ್ಡ್‌ಗೆ ದಿನಕ್ಕೆ ಗಂಟೆಗಟ್ಟಲೆ ನಿಮ್ಮ ಹೊತ್ತು ಬೇಕು.

ಗ್ರೀನ್ ಚೀಕ್ ಕಾನ್ಯೂರ್. ದಕ್ಷಿಣ ಅಮೆರಿಕದ್ದು, 26 ಸೆಂಟಿಮೀಟರ್, 60ರಿಂದ 80 ಗ್ರಾಂ. ‘ಪೈನಾಪಲ್’ ಅಂತ ಮಾರುವುದು ಇದರದ್ದೇ ಒಂದು ಬಣ್ಣ. ಕಾನ್ಯೂರ್ ಹುಚ್ಚು ಹಿಡಿದವರಿಗೆ ನಾನು ತೋರಿಸುವ ದಾರಿ ಇದು. ತಲೆಕೆಳಗಾಗಿ ನೇತಾಡುತ್ತದೆ, ಶರ್ಟಿನೊಳಗೆ ನುಗ್ಗುತ್ತದೆ, ಅಂಗೈಯಲ್ಲಿ ಅಂಗಾತ ಮಲಗುವುದೂ ಉಂಟು. ಸದ್ದು ಕರಕರ ಅನ್ನುತ್ತದೆ, ಆದರೆ ಗೋಡೆ ದಾಟಿ ಹೆಚ್ಚು ದೂರ ಹೋಗುವುದಿಲ್ಲ. ಸದ್ದಿನಲ್ಲಿ ಉಳಿಸಿದ್ದನ್ನು ಕೊಕ್ಕಿನಲ್ಲಿ ವಸೂಲಿ ಮಾಡುತ್ತದೆ. ಒಂದು ವರ್ಷದ ಆಸುಪಾಸಿನಲ್ಲಿ ಹದಿಹರೆಯ ಬಂದಾಗ ಕಚ್ಚುವುದು ಜೋರು. ಸಣ್ಣ ಮಕ್ಕಳಿರುವ ಮನೆಯವರು ಎರಡು ಸಲ ಯೋಚಿಸಿ. 20 ವರ್ಷ ಬದುಕುವ ಹಕ್ಕಿ ಅನ್ನುವುದೂ ತಲೆಯಲ್ಲಿರಲಿ.

ಸನ್ ಕಾನ್ಯೂರ್ ಬಗ್ಗೆ ಆಗಲೇ ಹೇಳಿದ್ದೇನೆ. ಅದರ ತಮ್ಮನಂತಿರುವ ಜೆಂಡೆ ಕಾನ್ಯೂರ್‌ಗೂ ಅದೇ ಮಾತು. ಪ್ರೀತಿಯಲ್ಲಿ ಇವಕ್ಕೆ ಸಾಟಿಯಿಲ್ಲ, ತೋಟದ ಮನೆ ಇದ್ದರೆ ತನ್ನಿ. ಅಪಾರ್ಟ್‌ಮೆಂಟ್‌ಗೆ ಬೇಡ. ಬಟ್ಟೆ ಹೊದಿಸಿದರೆ ಸುಮ್ಮನಾಗುತ್ತದೆ ಅಂತ ಯಾರಾದರೂ ಹೇಳಿದರೆ ನಗಬೇಕಷ್ಟೇ.

ಕ್ವೇಕರ್, ಇನ್ನೊಂದು ಹೆಸರು ಮಾಂಕ್ ಪ್ಯಾರಕೀಟ್. ಉಳಿದ ಗಿಣಿಗಳು ಪೊಟರೆ ಹುಡುಕಿದರೆ ಇದು ಕಡ್ಡಿ ಸೇರಿಸಿ ಒಟ್ಟಾಗಿ ದೊಡ್ಡ ಗೂಡು ಕಟ್ಟುತ್ತದೆ. ಮನೆ ಕಟ್ಟುವವನ ಗತ್ತು ಪಂಜರದಲ್ಲೂ ಇರುತ್ತದೆ: ಹೊರಗೆ ಕೈಮೇಲೆ ಮುದ್ದಾಗಿ ಆಡುವ ಹಕ್ಕಿಯೇ ಬಟ್ಟಲು ತೆಗೆಯಲು ಕೈ ಹಾಕಿದರೆ ಮೇಲೆ ಬೀಳುತ್ತದೆ. ಸ್ಪಷ್ಟವಾಗಿ ಮಾತು ಕಲಿಯುತ್ತದೆ, ಸದ್ದೂ ಮಾಡುತ್ತದೆ. ಮಾತೇ ಮುಖ್ಯ, ಅಕ್ಕಪಕ್ಕದವರ ಕಾಟವಿಲ್ಲ ಅನ್ನುವವರಿಗೆ ಸರಿ.

ಸೆನೆಗಲ್. ಪಶ್ಚಿಮ ಆಫ್ರಿಕಾದ ಗಟ್ಟಿಮುಟ್ಟು ಹಕ್ಕಿ, 120ರಿಂದ 170 ಗ್ರಾಂ. ಮಧ್ಯಮ ಗಾತ್ರದಲ್ಲಿ ಶಾಂತ ಹಕ್ಕಿ ಬೇಕಾದರೆ ಇದು. ಕಿರಿಕಿರಿ ಎಂದರೆ ಮನೆಯಲ್ಲಿ ಒಬ್ಬರನ್ನೇ ಆರಿಸಿಕೊಂಡು ಉಳಿದವರನ್ನು ಶತ್ರುಗಳಂತೆ ನೋಡುವ ಸ್ವಭಾವ. ಗಂಡ ಹೆಂಡತಿ ಇಬ್ಬರೂ ಮೊದಲ ದಿನದಿಂದಲೇ ಸರದಿಯಲ್ಲಿ ಊಟ ಕೊಡಬೇಕು, ಇಲ್ಲದಿದ್ದರೆ ಒಬ್ಬರು ಜೀವಮಾನವಿಡೀ ಕಚ್ಚಿಸಿಕೊಳ್ಳುತ್ತಾರೆ.

ಮೌನವೇ ಬೇಕು ಅನ್ನುವವರಿಗೆ ಎರಡು ಹೆಸರು. ಲಿನಿಯೊಲೇಟೆಡ್ ಪ್ಯಾರಕೀಟ್, ಸಾಕುವವರು ‘ಲಿನ್ನಿ’ ಅನ್ನುತ್ತಾರೆ: 16 ಸೆಂಟಿಮೀಟರ್, ತಗ್ಗಿದ ಧ್ವನಿ, ನಿಧಾನ ನಡಿಗೆ. ಬೋರ್ಕ್ಸ್ ಪ್ಯಾರಕೀಟ್: ತೆಳು ಗುಲಾಬಿ ಹೊಟ್ಟೆ, ಮೆಲುದನಿ. ಇದು ಮುಂಜಾನೆ ಮುಸ್ಸಂಜೆ ಚುರುಕಾಗುವ ಹಕ್ಕಿ, ಹಗಲೆಲ್ಲ ಕಲ್ಲಿನಂತೆ ಕೂತಿರುತ್ತದೆ. ನೋಡಲು ಚೆಂದ, ಮುದ್ದಿಗಲ್ಲ. ಎರಡೂ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಬ್ರೀಡರ್ ಹತ್ತಿರ ಹೇಳಿ ಕಾಯಬೇಕು.

ಇನ್ನು ಆಫ್ರಿಕನ್ ಗ್ರೇ. ಎಲ್ಲರೂ ಕೇಳುತ್ತಾರೆ. 400 ಗ್ರಾಂ ತೂಗುವ, 40 ವರ್ಷ ಬದುಕಬಲ್ಲ, ಬೇಜಾರಾದರೆ ತನ್ನ ಗರಿ ತಾನೇ ಕಿತ್ತುಕೊಳ್ಳುವ ಹಕ್ಕಿ. 2016ರಲ್ಲಿ ಸೈಟಿಸ್ ಇದನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಹಾಕಿತು. ಮೊದಲ ಹಕ್ಕಿಯಾಗಿ ಬೇಡ, ಮುಂದಕ್ಕೆ ಹೋಗೋಣ.

ಹಂತ 5: ಒಂದಾ, ಎರಡಾ? ಮರಿಯಾ, ದೊಡ್ಡದಾ?

ಒಂದೇ ತಂದರೆ ಅದು ನಿಮ್ಮನ್ನು ಹಚ್ಚಿಕೊಳ್ಳುತ್ತದೆ, ನೀವು ಹೊರಗೆ ಹೋದರೆ ಕೂಗುತ್ತದೆ. ಎರಡು ತಂದರೆ ಒಂದನ್ನೊಂದು ಹಚ್ಚಿಕೊಳ್ಳುತ್ತವೆ, ನಿಮ್ಮ ಹಂಗು ಕಡಿಮೆ, ತಮ್ಮಷ್ಟಕ್ಕೆ ಹರಟುತ್ತವೆ. ಇಬ್ಬರೂ ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ ಒಂಟಿ ಹಕ್ಕಿ ಇಡುವುದು ಅನ್ಯಾಯ. ಎರಡು ಬಡ್ಜಿ ತನ್ನಿ, ದೊಡ್ಡ ಪಂಜರ ಕೊಡಿ.

ಮರಿಯ ವಿಷಯದಲ್ಲಿ ಒಂದು ವ್ಯಾಪಾರದ ಮಾತು ಚಾಲ್ತಿಯಲ್ಲಿದೆ: ‘ಕೈಯಲ್ಲಿ ಗಂಜಿ ಕುಡಿಸಿ ಬೆಳೆಸಿದರೆ ಜಾಸ್ತಿ ಹಚ್ಚಿಕೊಳ್ಳುತ್ತೆ.’ ಪುಕ್ಕವೂ ಸರಿಯಾಗಿ ಬಾರದ ಮರಿಯನ್ನು ಸಿರಿಂಜ್ ಸಮೇತ ಕೊಟ್ಟು ಕಳಿಸುತ್ತಾರೆ. ಗಂಜಿ ಸ್ವಲ್ಪ ಬಿಸಿ ಜಾಸ್ತಿಯಾದರೆ ಕೊರಳ ಚೀಲ ಸುಡುತ್ತದೆ, ಅವಸರ ಮಾಡಿದರೆ ಶ್ವಾಸಕ್ಕೆ ಹೋಗಿ ಸಾಯುತ್ತದೆ. ತಾನೇ ಕಾಳು ಒಡೆದು ತಿನ್ನುವ ಮರಿಯನ್ನು ಮಾತ್ರ ತನ್ನಿ, ತಿನ್ನುವುದನ್ನು ಎದುರಿಗೇ ನೋಡಿ. ಮನೆ ಬದಲಾಯಿಸುವವರು ಕೊಡುವ ದೊಡ್ಡ ಹಕ್ಕಿಯನ್ನೂ ತಳ್ಳಿಹಾಕಬೇಡಿ. ಅದರ ಕೂಗು, ಕೋಪ, ಮಾತು ಎಲ್ಲ ಆಗಲೇ ಹೊರಬಂದಿರುತ್ತದೆ. ಮರಿಯಲ್ಲಿ ಇರುವ ಲಾಟರಿ ಇದರಲ್ಲಿಲ್ಲ.

ಕಾನ್ಯೂರ್, ಕ್ವೇಕರ್‌ಗಳಲ್ಲಿ ನೋಡಿ ಗಂಡು ಹೆಣ್ಣು ಹೇಳಲಾಗದು. ಗರಿಯ ಡಿಎನ್‌ಎ ಪರೀಕ್ಷೆ ಮಾಡಿಸಬೇಕು. ‘ತಲೆ ದೊಡ್ಡದಿದೆ, ಗಂಡೇ’ ಅನ್ನುವುದನ್ನು ನಂಬಬೇಡಿ.

ಹಂತ 6: ನೋಡಲು ಹೋಗುವಾಗ ಸಂಜೆ ಹೋಗಿ

ಮಧ್ಯಾಹ್ನ ಎರಡಕ್ಕೆ ಎಲ್ಲ ಹಕ್ಕಿಯೂ ಸಂತನೇ. ಊಟ ಮುಗಿಸಿ ತೂಕಡಿಸುವ ಹೊತ್ತು ಅದು. ಸಂಜೆ ಐದೂವರೆಗೆ ಹೋಗಿ. ಕನಿಷ್ಠ ಎರಡು ಸಲ, ಬೇರೆ ಬೇರೆ ದಿನ.

ಹೋದ ಕೂಡಲೇ ಕೈ ಚಾಚಬೇಡಿ. ಪಂಜರದಿಂದ ಐದಾರು ಅಡಿ ದೂರ ಕೂತು ಹತ್ತು ನಿಮಿಷ ಸುಮ್ನೆ ನೋಡಿ. ಯಾವುದು ಮುಂದೆ ಬಂದು ಇಣುಕುತ್ತದೆ? ಯಾವುದು ಹಿಂದಿನ ಮೂಲೆಗೆ ಒತ್ತಿಕೊಳ್ಳುತ್ತದೆ? ಆಮೇಲೆ ಒಂದು ನವಣೆ ತೆನೆ ಹಿಡಿದು ಹತ್ತಿರ ಹೋಗಿ. ಅಂಗಡಿಯಲ್ಲಿ ‘ಮಿಲೆಟ್ ಸ್ಪ್ರೇ’ ಅಂತ ಪ್ಯಾಕೆಟ್‌ನಲ್ಲಿ ಮಾರುವುದು ನಮ್ಮ ನವಣೆಯನ್ನೇ, ಊರಿನ ಕಡೆಯಿಂದ ಒಂದು ಕಟ್ಟು ತರಿಸಿಕೊಂಡರೆ ವರ್ಷ ಬರುತ್ತದೆ. ತೆನೆಗೆ ಕೊಕ್ಕು ಹಾಕಿ, ನಿಮ್ಮ ಕಡೆ ಒಂದು ಕಣ್ಣಿಟ್ಟು, ನಿಧಾನಕ್ಕೆ ಒಂದೊಂದೇ ಕಾಳು ಬಿಡಿಸುವ ಹಕ್ಕಿ ಒಳ್ಳೆಯ ಆಯ್ಕೆ. ಮೊದಲ ನಿಮಿಷಕ್ಕೇ ಮೈಮೇಲೆ ಏರುವುದು ಕೂಡ ಆಗಬಹುದು, ಆದರೆ ಕೂಗುವವರ ಸಾಲಿನಲ್ಲಿ ಅದೇ ಮೊದಲು ಅಂತ ಗೊತ್ತಿರಲಿ.

ಕಣ್ಣಿನ ಪಾಪೆ ಬೇಗ ಬೇಗ ಚಿಕ್ಕದು ದೊಡ್ಡದು ಆಗುತ್ತಾ ಬಾಲ ಬೀಸಣಿಗೆಯಂತೆ ಅಗಲಿಸಿದರೆ ಹಕ್ಕಿಗೆ ನೆತ್ತಿಗೇರಿದೆ. ಆಗ ಬೆರಳು ಕೊಟ್ಟವರದೇ ತಪ್ಪು. ಕೊಕ್ಕಿನಿಂದ ಕರಕರ ಮಸೆಯುತ್ತಿದ್ದರೆ ನಿದ್ದೆಗೆ ಜಾರುತ್ತಿದೆ, ನೆಮ್ಮದಿಯ ಸದ್ದು ಅದು.

ಆರೋಗ್ಯಕ್ಕೆ ಬೇಗ ನೋಡಬೇಕಾದವು: ಮೂಗು ಒಣಗಿರಬೇಕು, ಕಣ್ಣು ಗುಂಡಗೆ ಹೊಳೆಯಬೇಕು, ಹಿಂಭಾಗದ ಗರಿಗೆ ಹಿಕ್ಕೆ ಅಂಟಿರಬಾರದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡಬಾರದು. ಹಗಲಲ್ಲಿ ಮೈ ಉಬ್ಬಿಸಿ ಮೂಲೆಯಲ್ಲಿ ಕೂತಿರುವುದನ್ನು ‘ಪಾಪ ಸಾಧು’ ಅಂತ ತರಬೇಡಿ. ಅದಕ್ಕೆ ಹುಷಾರಿಲ್ಲ.

ಹಂತ 7: ಹಕ್ಕಿ ಬರುವ ಮೊದಲು ಮನೆ, ಬಂದ ಮೇಲೆ ನೀವು

ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ದೋಸೆಗೆ ಕಬ್ಬಿಣದ ಕಾವಲಿಗೆ ಮರಳಿ. ಸೊಳ್ಳೆ ಬತ್ತಿ, ಊದುಬತ್ತಿ, ಧೂಪ ಇದ್ದ ಕೋಣೆಯಲ್ಲಿ ಪಂಜರ ಬೇಡ. ಹಕ್ಕಿ ಹೊರಗಿದ್ದಾಗ ಫ್ಯಾನ್ ಸ್ವಿಚ್ ಮೇಲೆ ಟೇಪ್ ಅಂಟಿಸಿ. ನಾವು ಈಗಲೂ ಅಂಟಿಸುತ್ತೇವೆ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ ಕೊಡಬಾರದು. ನುಗ್ಗೆಸೊಪ್ಪು, ಕೊತ್ತಂಬರಿ, ಕ್ಯಾರೆಟ್, ಬೀಜ ತೆಗೆದ ಸೀಬೆ ಕೊಡಿ. ಹಸಿಮೆಣಸಿನಕಾಯಿಯ ಖಾರ ಹಕ್ಕಿಗೆ ಹತ್ತುವುದೇ ಇಲ್ಲ. ಬರೀ ಕಾಳು ತಿನ್ನಿಸಿ ಬೆಳೆಸಿದ ಹಕ್ಕಿ ಬೊಜ್ಜು ಬಂದು ಬೇಗ ಹೋಗುತ್ತದೆ.

ಹಕ್ಕಿ ನೋಡುವ ಡಾಕ್ಟರ್ ಯಾರು ಅಂತ ಮೊದಲೇ ಹುಡುಕಿಡಿ. ನಾಯಿ ಬೆಕ್ಕು ನೋಡುವ ಎಲ್ಲರೂ ಹಕ್ಕಿ ನೋಡುವುದಿಲ್ಲ.

ಸದ್ದು ಕಡಿಮೆ ಮಾಡುವ ಮೊದಲ ಮದ್ದು ನಿದ್ದೆ. ದಿನಕ್ಕೆ 10ರಿಂದ 12 ಗಂಟೆ ಕತ್ತಲು, ಮೌನ. ಹಾಲ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಸೀರಿಯಲ್ ಓಡುತ್ತಿದ್ದರೆ ಪಂಜರವನ್ನು ಒಳಕೋಣೆಗೆ ಒಯ್ಯಿರಿ. ನಿದ್ದೆಗೆಟ್ಟ ಗಿಣಿ, ನಿದ್ದೆಗೆಟ್ಟ ಮಗುವಿನ ಹಾಗೆಯೇ.

ಎರಡನೆಯದು, ಉತ್ತರ ಕೊಡುವುದು. ಕಿರುಚಿದಾಗ ಓಡಿ ಬಂದರೆ ‘ಕಿರುಚಿದರೆ ಬರುತ್ತಾರೆ’ ಅಂತ ಕಲಿಯುತ್ತದೆ. ‘ಏಯ್, ಸುಮ್ನಿರು!’ ಅಂತ ನೀವು ಅರಚಿದರೆ ಅದಕ್ಕೆ ಖುಷಿ, ಗುಂಪಿನವರು ಜೊತೆಗೂಡಿದರು ಅಂತ. ಅದರ ಬದಲು ಒಂದು ಸಣ್ಣ ಶಿಳ್ಳೆ ಗೊತ್ತು ಮಾಡಿಕೊಳ್ಳಿ. ಸ್ನಾನಕ್ಕೆ ಹೋಗುವ ಮೊದಲೇ ಹೊಡೆಯಿರಿ, ಒಳಗಿನಿಂದ ಇನ್ನೊಮ್ಮೆ ಹೊಡೆಯಿರಿ. ಅದು ಮೆಲ್ಲಗೆ ಅದೇ ಶಿಳ್ಳೆ ಹೊಡೆದರೆ ಮಾತ್ರ ಹತ್ತಿರ ಬನ್ನಿ. ಚಕ್ಕುಲಿಗೆ ಇದು ಬರಲು ಎರಡು ತಿಂಗಳು ಹಿಡಿಯಿತು. ಮುದ್ದು ಮಾಡುವಾಗ ತಲೆ, ಕೆನ್ನೆ ಮಾತ್ರ ಸವರಿ. ಬೆನ್ನು, ರೆಕ್ಕೆಯ ಕೆಳಗೆ ಸವರಿದರೆ ಹಕ್ಕಿ ನಿಮ್ಮನ್ನು ಜೋಡಿ ಅಂದುಕೊಳ್ಳುತ್ತದೆ, ಆಮೇಲೆ ಕೂಗು, ಕಡಿತ ಎರಡೂ ಏರುತ್ತವೆ.

ಕೊನೆಗೆ ಅಡುಗೆಮನೆಯ ಗ್ರಾಂ ತಕ್ಕಡಿ ಒಂದು ತನ್ನಿ. ಗಿಣಿ ಕಾಯಿಲೆಯನ್ನು ಬಚ್ಚಿಡುತ್ತದೆ, ತೂಕ ಬಚ್ಚಿಡಲಾರದು. ವಾರಕ್ಕೊಮ್ಮೆ ಬೆಳಗ್ಗೆ ಊಟಕ್ಕೆ ಮೊದಲು ತೂಗಿ, ಫ್ರಿಜ್ ಬಾಗಿಲ ಮೇಲಿನ ಹಾಳೆಯಲ್ಲಿ ಬರೆಯಿರಿ. ನೂರಕ್ಕೆ ಹತ್ತರಷ್ಟು ಇಳಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ತಕ್ಕಡಿ ಮೇಲೆ ನಿಲ್ಲಿಸಲು ನವಣೆ ತೆನೆ ಲಂಚ ಕೊಡಬೇಕಾಗುತ್ತದೆ. ಚಕ್ಕುಲಿಯ ಹಾಳೆಯಲ್ಲಿ ಇವತ್ತು 94.